ಅಡಿಟಿಪ್ಪಣಿಯ ಲೆಕ್ಕ, ತೀರ್ಪಿನ ತೂಕ

ನಾನು ಓದಿದ್ದು ಬಿ.ಕಾಂ. ಲೆಜರ್ ಗೊತ್ತು, ಲಾ ಜರ್ನಲ್ ಹೊಸದು. ಆದ್ರೆ ಅಲ್ಲೂ ಒಂದು ಲೆಕ್ಕ ನಡೆಯುತ್ತೆ: ಯಾವ ಲೇಖನವನ್ನು ಎಷ್ಟು ಲೇಖನಗಳು ಉಲ್ಲೇಖಿಸಿವೆ ಅನ್ನೋದು.

ಅಮೆರಿಕದ್ದು ಸ್ವಲ್ಪ ವಿಚಿತ್ರ. ವಿಜ್ಞಾನದ ಜರ್ನಲ್‌ಗಳಲ್ಲಿ ಲೇಖನವನ್ನು ಅದೇ ವಿಷಯದ ತಜ್ಞರು ಪರಿಶೀಲಿಸ್ತಾರೆ. ಅಲ್ಲಿನ ಹೆಚ್ಚಿನ ಲಾ ರಿವ್ಯೂಗಳಲ್ಲಿ ಪ್ರೊಫೆಸರ್‌ಗಳ ಲೇಖನ ಆರಿಸೋದು ಕಾನೂನು ವಿದ್ಯಾರ್ಥಿಗಳು! 1887ರಲ್ಲಿ ಶುರುವಾದ ಹಾರ್ವರ್ಡ್ ಲಾ ರಿವ್ಯೂ ಕೂಡ ವಿದ್ಯಾರ್ಥಿಗಳದ್ದೇ. ಪ್ರತಿ ಮಾತಿಗೂ ಆಧಾರ ಕೊಡಿ ಅಂತ ಈ ಸಂಪಾದಕರು ಕೇಳ್ತಾರೆ. ಹಾಗಾಗಿ ಒಂದೊಂದು ಲೇಖನದಲ್ಲೂ ನೂರಾರು ಅಡಿಟಿಪ್ಪಣಿ.

ಗ್ರಂಥಪಾಲಕರಾದ ಫ್ರೆಡ್ ಶಪಿರೊ, ಮಿಶೆಲ್ ಪಿಯರ್ಸ್ ಈ ಉಲ್ಲೇಖಗಳನ್ನು ಎಣಿಸಿ 2012ರಲ್ಲಿ ಪಟ್ಟಿ ಪ್ರಕಟಿಸಿದ್ರು. ಮೊದಲ ಸ್ಥಾನ ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಅವರ 1960ರ ಲೇಖನಕ್ಕೆ. ಎರಡನೆಯದು, ಖಾಸಗಿತನದ ಹಕ್ಕಿನ ಬಗ್ಗೆ ವಾರೆನ್ ಮತ್ತು ಬ್ರಾಂಡೈಸ್ 1890ರಲ್ಲಿ ಬರೆದದ್ದು.

ಅದರಿಂದ ನಮಗೇನು ಅಂತೀರಾ? ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ಪ್ರಕರಣದಲ್ಲಿ 2017ರಲ್ಲಿ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ತೀರ್ಪಿನಲ್ಲಿ 1890ರ ಆ ಲೇಖನದ ಚರ್ಚೆ ಇದೆ.

ಜರ್ನಲ್‌ಗಳನ್ನಷ್ಟೇ ಎಣಿಸಿದರೆ ಇಂಥ ತೀರ್ಪು ಲೆಕ್ಕಕ್ಕೇ ಬರೋಲ್ಲ. ನಮ್ಮ ಬದುಕಿಗೆ ತಟ್ಟೋದು ಮಾತ್ರ ಅದೇ. ಹಾಗಾಗಿ ಉಲ್ಲೇಖಗಳ ಸಂಖ್ಯೆ ಕಂಡಾಗ ಎಷ್ಟು ಅಂತಷ್ಟೇ ಅಲ್ಲ, ಏನನ್ನು ಎಣಿಸಿದ್ದಾರೆ, ಏನನ್ನು ಬಿಟ್ಟಿದ್ದಾರೆ ಅಂತಲೂ ಕೇಳಿ.