ಬೋರ್ ಆಳ ಹೋದಷ್ಟೂ ನೀರು ಜಾಸ್ತಿನಾ? ಇಲ್ಲಿದೆ ಲೆಕ್ಕ

ಕೋಲಾರ: ನಮ್ಮ ಕಡೆ 1,200 ಅಡಿ ಬೋರ್ ಅಂದ್ರೆ ಈಗ ಯಾರೂ ಆಶ್ಚರ್ಯ ಪಡಲ್ಲ. "ಇನ್ನೊಂದು 200 ಅಡಿ ಬಿಡಿ ಅಣ್ಣ, ಸಿಗುತ್ತೆ" ಅಂತಾರೆ ಲಾರಿಯವರು. ಸಾಲ ಮಾಡಿ ಬಿಡಿಸ್ತೀವಿ. ಎಷ್ಟೋ ಸಲ ಬರೋದು ಬರೀ ಧೂಳು.

ಯಾಕೆ ಹೀಗೆ?

ನಮ್ಮ ನೆಲದಡಿ ಇರೋದು ಗಟ್ಟಿ ಗ್ರಾನೈಟ್, ನೈಸ್ ಕಲ್ಲು. ನೀರು ನಿಲ್ಲೋದು ಮೇಲಿನ ಸಡಿಲ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಂತೆ ಬಿರುಕು ಕಡಿಮೆ. ಅಲ್ಲಿಗೂ ಮೇಲಿನಿಂದಲೇ ನೀರು ಇಳಿಯಬೇಕು. ಒಂದೇ ಬಿರುಕಿಗೆ ಎರಡು ಬೋರ್ ಬಿದ್ದರೆ ನೀರು ಎರಡಾಗಲ್ಲ, ಪಾಲಾಗುತ್ತೆ.

ಮಳೆ ಎಷ್ಟು, ಎತ್ತೋದು ಎಷ್ಟು?

ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ ಅಂದ್ರೆ ಎಕರೆಗೆ 30 ಲಕ್ಷ ಲೀಟರ್. ಅದರಲ್ಲಿ ಹತ್ತನೇ ಒಂದು ಪಾಲು ಇಂಗಿತು ಅಂತ ಇಟ್ಟುಕೊಳ್ಳಿ, 3 ಲಕ್ಷ ಲೀಟರ್. ಗಂಟೆಗೆ 10 ಸಾವಿರ ಲೀಟರ್ ಎತ್ತುವ ಪಂಪು ದಿನಕ್ಕೆ 6 ಗಂಟೆಯಂತೆ 100 ದಿನ ಓಡಿದರೆ 60 ಲಕ್ಷ ಲೀಟರ್. ಅಂದ್ರೆ 20 ಎಕರೆಯಲ್ಲಿ ಇಂಗಿದ ನೀರನ್ನು ಒಂದೇ ಬೋರ್ ಖಾಲಿ ಮಾಡುತ್ತೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಕೆರೆ ಅಕ್ಕಪಕ್ಕದ ಬೋರ್‌ಗಳಲ್ಲಿ ನೀರು ಮೇಲೆ ಬಂದಿದೆ. ಬಂತು ಅಂತ ಎಲ್ಲರೂ ಜಾಸ್ತಿ ಎತ್ತಿದರೆ ಮತ್ತೆ ಮೊದಲಿನ ಕಥೆಯೇ.

ನಾವೇನು ಮಾಡಬಹುದು?

* ಆಟೋ ಸ್ಟಾರ್ಟರ್ ಹಾಕಿ ಮಲಗಬೇಡಿ. ರಾತ್ರಿ ಕರೆಂಟ್ ಬಂದರೆ ಬೇಕಿಲ್ಲದಿದ್ದರೂ ಮೋಟರ್ ಓಡುತ್ತೆ. 10 ಎಚ್‌ಪಿವರೆಗೆ ಕರೆಂಟ್ ಉಚಿತ ಇರಬಹುದು, ನೀರು ಹಾಗಲ್ಲ.
* ಡ್ರಿಪ್ ಹಾಕಿಸಿ. ಆದರೆ ಉಳಿದ ನೀರಲ್ಲಿ ಇನ್ನೆರಡು ಎಕರೆ ಟೊಮೆಟೊ ಇಟ್ಟರೆ ಉಳಿತಾಯ ಸೊನ್ನೆ.
* ಬೋರ್ ಸುತ್ತ ಇಂಗುಗುಂಡಿ ತೆಗೆದು ಕಲ್ಲು, ಜಲ್ಲಿ, ಮರಳು ತುಂಬಿಸಿ. ಗೊಬ್ಬರ, ಔಷಧಿ ಬೆರೆತ ನೀರು ಅದರೊಳಗೆ ಹೋಗಬಾರದು.
* 2011ರ ಅಂತರ್ಜಲ ಕಾಯ್ದೆ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಹೊಸ ಬೋರ್‌ಗೆ ಅನುಮತಿ ಬೇಕು. ಕೊರೆಸುವ ಮೊದಲು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿ.

ಇದು ರೈತರ ವಿಷಯ ಮಾತ್ರ ಅಲ್ಲ. ಬೋರ್ ನಿಂತರೆ ಮಂಡಿಗೆ ಮಾಲು ಬರಲ್ಲ, ಗೊಬ್ಬರದ ಅಂಗಡಿ ಬಾಕಿ ತೀರಲ್ಲ, ಕಿರಾಣಿ ಅಂಗಡಿ ಸಾಲದ ಪುಸ್ತಕ ದಪ್ಪ ಆಗುತ್ತೆ. ಮುಂದಿನ ಸಲ ಲಾರಿ ಕರೆಸುವ ಮೊದಲು ಪಕ್ಕದ ಹೊಲದವರ ಜೊತೆ ಕೂತು ಈ ಲೆಕ್ಕ ಹಾಕಿ ನೋಡಿ.