ಪಾದದೊಳಗಿನ ಇಲ್ಲದ ಹರಳು

ನಡೆಯುತ್ತಿರುವಾಗ ಬೂಟಿನೊಳಗೆ ಹರಳೊಂದು ಸೇರಿಕೊಂಡಂತಾಗುತ್ತದೆ. ನಿಂತು, ಕಳಚಿ, ಕೊಡವಿ ನೋಡಿದರೆ ಏನೂ ಇರುವುದಿಲ್ಲ. ಮತ್ತೆ ನಾಲ್ಕು ಹೆಜ್ಜೆ ಇಟ್ಟೊಡನೆ ಹರಳು ಅಲ್ಲೇ ಇರುತ್ತದೆ. ಈ ಅನುಭವವುಳ್ಳವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ನಾನೂ ಅವರಲ್ಲೊಬ್ಬ, ವೈದ್ಯನಲ್ಲದ ನಾನು ಈ ವಿಷಯವಾಗಿ ಮಾತನಾಡಲು ಅಷ್ಟೇ ನನ್ನ ಅಧಿಕಾರ.

ವೈದ್ಯರು ಇದನ್ನು ಮಾರ್ಟನ್ ನ್ಯೂರೋಮಾ ಎನ್ನುತ್ತಾರೆ. ‘ಓಮಾ’ ಎಂಬ ಗ್ರೀಕ್ ಪ್ರತ್ಯಯ ವೈದ್ಯರ ಬಾಯಲ್ಲಿ ಸಾಮಾನ್ಯವಾಗಿ ಗಡ್ಡೆಯನ್ನು ಸೂಚಿಸುವುದರಿಂದ ಕೇಳಿದವರ ಎದೆ ಝಲ್ಲೆನ್ನುವುದು ಸಹಜ. ಆದರೆ ಇದು ನಿಜವಾದ ಗಡ್ಡೆಯಲ್ಲ, ಕ್ಯಾನ್ಸರ್ ಅಂತೂ ಅಲ್ಲವೇ ಅಲ್ಲ. ಬೆರಳುಗಳಿಗೆ ಹೋಗುವ ಸಣ್ಣ ನರವೊಂದರ ಸುತ್ತಲಿನ ಹೊದಿಕೆ ಒತ್ತಡದಿಂದ ದಪ್ಪಗಾಗಿರುತ್ತದೆ, ಅಷ್ಟೆ. ಫಿಲಡೆಲ್ಫಿಯಾದ ಥಾಮಸ್ ಮಾರ್ಟನ್ 1876ರಲ್ಲಿ ಈ ನೋವನ್ನು ವರ್ಣಿಸಿದಾಗ ಅದನ್ನು ನಾಲ್ಕನೆಯ ಬೆರಳಿನ ಬುಡದ ಕೀಲಿಗೆ ಸಂಬಂಧಿಸಿದ್ದೆಂದು ಬರೆದನು. ನರದ ಮಾತನ್ನು 1845ರಲ್ಲಿಯೇ ಆಡಿದ್ದವನು ಲೂಯಿಸ್ ಡರ್ಲಾಕರ್ ಎಂಬ ಇಂಗ್ಲೆಂಡಿನ ಪಾದಚಿಕಿತ್ಸಕ. ಹೆಸರು ಮಾತ್ರ ಮಾರ್ಟನ್ನನದು ನಿಂತಿತು. ಸಾಹಿತ್ಯಚರಿತ್ರೆ ಓದಿದವರಿಗೆ ಇದೇನೂ ಹೊಸತಲ್ಲ.

ಹೆಬ್ಬೆರಳಿನಿಂದ ಎಣಿಸಿದರೆ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವಣ ಸಂದಿಯೇ ಸಾಮಾನ್ಯವಾಗಿ ಇದರ ನೆಲೆ. ಬೆರಳುಗಳ ಹಿಂದಿರುವ ನೀಳ ಎಲುಬುಗಳ ತಲೆಗಳನ್ನು ಒಂದು ಅಡ್ಡಪಟ್ಟಿ ಬಿಗಿದಿಟ್ಟಿರುತ್ತದೆ. ನರ ಅದರಡಿಯಲ್ಲಿ ಹಾದುಹೋಗುತ್ತದೆ. ಮೂತಿ ಚೂಪಾದ ಬೂಟು ಆ ಎಲುಬುಗಳನ್ನು ಒತ್ತರಿಸುತ್ತದೆ, ಎತ್ತರದ ಹಿಮ್ಮಡಿ ದೇಹದ ಭಾರವನ್ನು ಮುಂಗಾಲಿಗೆ ದೂಡುತ್ತದೆ. ಹೆಂಗಸರಲ್ಲಿ ಈ ಬಾಧೆ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣವೆನ್ನುತ್ತಾರೆ. ಅಂಗಾಲಿನಲ್ಲಿ ಉರಿ, ಬೆರಳುಗಳಲ್ಲಿ ಜೋಮು, ಒಮ್ಮೊಮ್ಮೆ ಮಿಂಚು ಹೊಡೆದಂಥ ನೋವು. ಬೂಟು ಕಳಚಿ ಪಾದ ತಿಕ್ಕಿಕೊಂಡರೆ ಶಮನ.

ಎಕ್ಸ್-ರೇಯಲ್ಲಿ ಈ ನರ ಕಾಣುವುದಿಲ್ಲ. “ಎಲ್ಲ ಸರಿಯಾಗಿದೆ, ವಯಸ್ಸಾಯಿತಲ್ಲ ಸಾರ್” ಎಂದು ನನಗೊಂದು ಕಡೆ ಹೇಳಿದರು. ಮನೆಯವರೂ ಅದನ್ನೇ ನಂಬಿದರು. ನೋವಿಗಿಂತ ಆ ಅಪನಂಬಿಕೆಯೇ ದುಸ್ಸಹವಾಗಿತ್ತು. ಕಡೆಗೆ ವೈದ್ಯೆಯೊಬ್ಬರು ನನ್ನ ಮುಂಗಾಲನ್ನು ಎರಡು ಪಕ್ಕಗಳಿಂದ ಅದುಮಿ, ಹೆಬ್ಬೆರಳಿನಿಂದ ಸಂದಿಯನ್ನೊತ್ತಿದಾಗ ಒಳಗೆ ‘ಟಕ್’ ಎಂದಿತು. 1951ರಲ್ಲಿ ಮುಲ್ಡರ್ ಎಂಬಾತ ವಿವರಿಸಿದ ಪರೀಕ್ಷೆಯಂತೆ ಇದು. ಸಂಶಯವುಳಿದರೆ ಅಲ್ಟ್ರಾಸೌಂಡ್ ಉಂಟು. ಆದರೆ ಎರಡೂ ಪಾದಗಳು ಕಾಲುಚೀಲ ತೊಟ್ಟಂತೆ ಸಮನಾಗಿ ಉರಿದರೆ, ಮರಗಟ್ಟಿದರೆ, ಅದು ಬೇರೆ ಕಥೆ. ಮೊದಲು ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು.

ಚಿಕಿತ್ಸೆ ಪಾದರಕ್ಷೆಯಿಂದ ಪ್ರಾರಂಭವಾಗುತ್ತದೆ. ಸಂಜೆ, ಪಾದ ತುಸು ಊದಿರುವ ಹೊತ್ತಿನಲ್ಲಿ, ಕಾಗದದ ಮೇಲೆ ನಿಂತು ಅದರ ಅಂಚನ್ನು ಬರೆಯಿಸಿಕೊಳ್ಳಿ. ಕೊಳ್ಳಬೇಕೆಂದಿರುವ ಬೂಟನ್ನು ಅದರ ಮೇಲಿಡಿ; ಗೆರೆ ಹೊರಗುಳಿದರೆ ಅದು ನಿಮ್ಮದಲ್ಲ. ಬರಿಗಾಲಿನಲ್ಲಿದ್ದರೆ ಹಿಂಡುವಿಕೆ ತಪ್ಪುವುದು ನಿಜ, ಆದರೆ ನಮ್ಮ ಮನೆಗಳ ಕಲ್ಲುನೆಲ ಮುಂಗಾಲಿಗೆ ಕಠಿಣ. ಒಳಗೂ ಮೆತ್ತನೆಯ ಚಪ್ಪಲಿ ಒಳ್ಳೆಯದು. ಬೂಟಿನೊಳಗೆ ಸಣ್ಣ ಮೆತ್ತೆಯನ್ನು ಅಂಟಿಸುವುದೂ ಉಂಟು. ಎಲ್ಲರೂ ಅದನ್ನು ನೋಯುವ ಜಾಗದಡಿಯೇ ಇಡಲು ಹೋಗುತ್ತಾರೆ. ಅದು ಇರಬೇಕಾದದ್ದು ಅದಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಎಲುಬುಗಳು ಎತ್ತಲ್ಪಟ್ಟು ಅಗಲವಾಗುತ್ತವೆ, ನರಕ್ಕೆ ಎಡೆ ದೊರೆಯುತ್ತದೆ. ನನ್ನ ಬೀದಿಯ ಚಪ್ಪಲಿ ಹೊಲಿಯುವಾತ ಇದನ್ನು ಒಂದೇ ಮಾತಿಗೆ ಗ್ರಹಿಸಿದ.

ಇಷ್ಟರಿಂದ ಶಮನವಾಗದಿದ್ದಲ್ಲಿ ಸ್ಟೆರಾಯ್ಡ್ ಚುಚ್ಚುಮದ್ದು ಕೊಡುತ್ತಾರೆ. ಮತ್ತೆ ಮತ್ತೆ ಕೊಟ್ಟರೆ ಅಂಗಾಲಿನ ಕೊಬ್ಬಿನ ಮೆತ್ತೆ ತೆಳುವಾಗಬಹುದು. ಕೊನೆಯದು ಶಸ್ತ್ರಚಿಕಿತ್ಸೆ: ಹಲವು ವೇಳೆ ನರದ ತುಂಡನ್ನೇ ತೆಗೆದುಬಿಡುತ್ತಾರೆ. ಹೆಚ್ಚಿನವರಿಗೆ ಅದು ಪರಿಹಾರವೇ. ಆದರೆ ಆ ಬೆರಳುಗಳ ಸಂದಿ ಮುಂದೆ ಮರಗಟ್ಟಿಯೇ ಇರುತ್ತದೆ, ಕೆಲವರಲ್ಲಿ ನೋವು ಮರಳುವುದೂ ಉಂಟು. ಇದನ್ನೆಲ್ಲ ಮೊದಲೇ ಕೇಳಿ ತಿಳಿದುಕೊಂಡು ಒಪ್ಪಿಗೆ ಕೊಡುವುದು ಲೇಸು.