ಬಿಳಿ ಎಲ್ಲಿಯವರೆಗೆ, ಕೆಂಪು ಎಲ್ಲಿಂದ

ದರೋಜಿ, ಸಂಡೂರು, ಕಂಪ್ಲಿ ಸುತ್ತಿನ ಹಳೆಯ ಮಾಳಿಗೆ ಮನೆಗಳ ಗೋಡೆಗೆ ಮುಖ್ಯವಾಗಿ ಎರಡೇ ಬಣ್ಣ: ಸುಣ್ಣ, ಕೆಮ್ಮಣ್ಣು. ಹಬ್ಬದ ಮುಂಚೆ ಮನೆಯ ಹೆಂಗಸರೇ ಕುಂಚ ಹಿಡಿಯುತ್ತಾರೆ. ಯಾವುದನ್ನು ಎಲ್ಲಿಗೆ ಎಂದು ಅವರು ತೂಗಿ ನೋಡುವ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ಮೊದಲ ಲೆಕ್ಕ ಬೆಳಕಿನದು. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಸೀಮೆಯಾದ್ದರಿಂದ ಗೋಡೆ ದಪ್ಪ, ಕಿಟಕಿ ಸಣ್ಣದು, ಮಾಳಿಗೆಯಲ್ಲೊಂದು ಬೆಳಕಿಂಡಿ. ಒಳಬಂದ ಅಷ್ಟಿಷ್ಟು ಬೆಳಕನ್ನು ಸುಣ್ಣ ಕೋಣೆಗೆಲ್ಲ ಹಂಚುತ್ತದೆ, ಕೆಂಪು ನುಂಗುತ್ತದೆ. ಹಾಗೆಂದು ಪೂರ್ತಿ ಬಿಳಿ ಬಳಿದರೆ ಬೆನ್ನು ಒರಗಿದ ಜಾಗ, ಮಕ್ಕಳ ಕೈ, ನೆಲ ಸಾರಿಸುವಾಗ ಸಿಡಿದ ಸಗಣಿ ನೀರು ಎಲ್ಲವೂ ಎದ್ದು ಕಾಣುತ್ತವೆ. ಅದಕ್ಕೇ ಕೆಳಗೆ ಕೆಮ್ಮಣ್ಣಿನ ಪಟ್ಟಿ.

ಎರಡೂ ಹಸಿಯಿದ್ದಾಗ ಕಣ್ಣಿಗೆ ಮೋಸ ಮಾಡುತ್ತವೆ, ಅದೂ ಎದುರುಬದುರಾಗಿ. ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಬೆರೆಸಿ ಸೋಸಿ, ಪುಡಿ ಉದುರದಂತೆ ಅಂಟು ಹಾಕಿ ಎಳೆದಾಗ ಗೋಡೆಗೆ ಏನೂ ಹಚ್ಚಿದಂತೆಯೇ ಇರುವುದಿಲ್ಲ. ಆರುತ್ತಾ ಆರುತ್ತಾ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಬಿಳುಪು ಆಗ ಮೂಡುತ್ತದೆ. ಕೆಮ್ಮಣ್ಣೋ ಹಸಿಯಲ್ಲಿ ಗಾಢವಾಗಿದ್ದು ಒಣಗಿದ ಮೇಲೆ ತಿಳಿಯಾಗುತ್ತದೆ. ಆದ್ದರಿಂದ ಬಲ್ಲವರು ಮೂಲೆಯಲ್ಲಿ ಅಂಗೈಯಗಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ಒಮ್ಮೆ ಬಿಸಿಲಲ್ಲಿ, ಒಮ್ಮೆ ರಾತ್ರಿ ದೀಪದಲ್ಲಿ ನೋಡುತ್ತಾರೆ. ಡಬ್ಬಿ ಬಣ್ಣ ಆರಿಸುವವರೂ ಅಂಗಡಿಯ ಚೀಟಿ ನಂಬುವ ಬದಲು ಇದನ್ನೇ ಮಾಡಬೇಕು.

ಈ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್. ಸಂಡೂರು ಗುಡ್ಡಗಳಲ್ಲಿ, ದೋಣಿಮಲೈ ಗಣಿಯಲ್ಲಿ ತೆಗೆಯುವ ಹೆಮಟೈಟ್ ಅದಿರೂ ಅದೇ. ಬಿಸಿಲಿಗೂ ಸುಣ್ಣದ ಖಾರಕ್ಕೂ ಅದು ಮಾಸುವುದಿಲ್ಲ.

ನನಗೆ ಎಲ್ಲಕ್ಕಿಂತ ಸೊಗಸೆನಿಸುವುದು ಎರಡೂ ಕೂಡುವ ಗೆರೆ. ಪಟ್ಟಿ ಎತ್ತರವಾದರೆ ಕೋಣೆ ಕುಗ್ಗಿದಂತಾಗುತ್ತದೆ, ತೀರಾ ಕೆಳಗಾದರೆ ತಲೆ ಒರಗಿದಲ್ಲಿ ಎಣ್ಣೆ ಕಲೆ ಉಳಿಯುತ್ತದೆ. ನೆಲದ ಮೇಲೆ ಕುಳಿತವರ ತಲೆಗಿಂತ ತುಸು ಮೇಲೆ ನಿಲ್ಲಿಸಿದರೆ ಸರಿ. ಮೇಲಿನ ಸುಣ್ಣ ಎರಡು ಕೈ ಮುಗಿದು ಒಣಗಿರಬೇಕು. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ದಾರವನ್ನು ಇಬ್ಬರು ಎರಡು ತುದಿಗೆ ಬಿಗಿ ಹಿಡಿದು, ನಡುವೆ ಎಳೆದು ಮಿಡಿದರೆ ನೇರ ಗೆರೆ ಬೀಳುತ್ತದೆ. ಉಬ್ಬುತಗ್ಗಿನ ಮಣ್ಣಿನ ಗೋಡೆಯಲ್ಲಿ ದಾರ ಮುಟ್ಟದ ಕಡೆಗಳನ್ನು ಕಣ್ಣಳತೆಯಿಂದಲೇ ಸೇರಿಸಿ, ಆಮೇಲೆ ಕೆಳಗೆ ಕೆಂಪು ತುಂಬುತ್ತಾರೆ.